ಲೋನಾದ ಅಂಕ ಯಾರ ಲೆಕ್ಕಕ್ಕೆ?



ಆಯುಷ್ಯದ ಬಹುಭಾಗವನ್ನು ಕನ್ನಡ ಪಾಠ ಹೇಳುತ್ತ ಕಳೆದವನೊಬ್ಬ ಆಟದ ಅಂಕಪಟ್ಟಿಯ ಚರಿತ್ರೆಯನ್ನು ಕುರಿತು ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಅದಕ್ಕೆ ಒಂದು ಹಳೆಯ ಕಾರಣವಿದೆ. ಅದನ್ನೇ ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನು ಆಗತಾನೆ ಅಧ್ಯಾಪಕನಾಗಿದ್ದೆ. ನಮ್ಮ ಹೊಸನಗರ ತಾಲ್ಲೂಕಿನ ಒಂದು ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಏರ್ಪಟ್ಟಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಕೂಳೆ ಕೆತ್ತಿ, ನೆಲ ಬಡಿದು, ಸುಣ್ಣದ ಗೆರೆ ಎಳೆದು ಅಂಕಣ ಸಿದ್ಧಪಡಿಸಿದ್ದರು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಸಂಘಟಕರು ನನ್ನನ್ನು ಅಂಕ ಬರೆಯುವ ಮೇಜಿನ ಮುಂದೆ ಕೂರಿಸಿದರು. ಗೆರೆ ಹೊಡೆದ ಒಂದು ನೋಟುಪುಸ್ತಕ, ಒಂದು ಸೀಸದಕಡ್ಡಿ, ಚಳಿಗೆ ಹೊದೆಯಲು ಯಾರೋ ಕೊಟ್ಟ ಕಂಬಳಿ, ಇವಿಷ್ಟು ನನ್ನ ಸಲಕರಣೆ. ಅಂತಿಮ ಪಂದ್ಯದ ಕೊನೆಯ ಹೊತ್ತಿನಲ್ಲಿ ಒಂದು ತಂಡದ ಹೆಸರಾಂತ ದಾಳಿಗಾರ ಒಳನುಗ್ಗಿದ. ನಾಲ್ಕು ಮಂದಿ ಒಟ್ಟಿಗೇ ಅವನ ಮೇಲೆ ಬಿದ್ದರು. ಧೂಳೆದ್ದಿತು, ಸೀಟಿ ಊದಿತು. ಮೊದಲು ಕಾಲು ಹಿಡಿದವನಾರೆಂದು ನನಗೆ ಕಾಣಲಿಲ್ಲ. ಮೊದಲು ಮೇಲೆದ್ದು ಕೈ ಎತ್ತಿದವನ ಬನಿಯನ್ನಿನ ಮೇಲಿದ್ದ ಸಂಖ್ಯೆ ಕಂಡಿತು, ಅದನ್ನೇ ಬರೆದುಕೊಂಡೆ. ಬಹುಮಾನ ವಿತರಣೆಯಲ್ಲಿ ‘ಉತ್ತಮ ಹಿಡಿತಗಾರ’ನೆಂಬ ಪ್ರಶಸ್ತಿ ಆ ಒಂದು ಅಂಕದ ಅಂತರದಿಂದ ಅವನಿಗೇ ಸಂದಿತು. ಅದರ ಮುಂದಿನ ಕತೆಯನ್ನು ಆಮೇಲೆ ಹೇಳುತ್ತೇನೆ. ಆಟದಲ್ಲಿ ನಡೆದುದಕ್ಕೂ ಪಟ್ಟಿಯಲ್ಲಿ ಉಳಿಯುವುದಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆ ಆ ರಾತ್ರಿಯಿಂದ ನನ್ನ ಬೆನ್ನು ಬಿಟ್ಟಿಲ್ಲ.

ಆಟದ ಲೆಕ್ಕ ಬಹಳ ಹಿಂದೆ ಬರೆಹವಾಗಿರಲಿಲ್ಲ. ಗುರುತು ಮಾತ್ರ ಆಗಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ರಿಕೆಟ್ಟಿನ ಓಟಗಳನ್ನು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕಿ ಎಣಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕಕ್ಕೆ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೀಟು ಎಳೆಯುತ್ತಿದ್ದುದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಚ್ಚಿನಲ್ಲಿ ಮೊತ್ತವಿದೆ, ಮನುಷ್ಯನಿಲ್ಲ. ಮನುಷ್ಯನ ಹೆಸರು ಒಂದೊಂದು ಸಾಲಾಗಿ ಪಟ್ಟಿಯೊಳಗೆ ಬಂದು, ಆ ಸಾಲಿನ ಮುಂದೆ ಅವನವನ ಅಂಕ ನಿಂತದ್ದು ಕಾಗದದ ಕಾಲದ ಸಂಗತಿ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ ಮೊದಲು ಕ್ರಿಕೆಟ್ಟಿನ ವರದಿಗಾರ. ಕ್ರಿಕೆಟ್ಟಿನ ಅಂಕಪಟ್ಟಿಯ ಮಾದರಿಯನ್ನೇ ಆತ ಬೇಸ್‌ಬಾಲಿಗೆ ಒಗ್ಗಿಸಿ 1859ರಲ್ಲಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಆಟ ನೋಡದವನೂ ಮರುದಿನ ಆ ಪಟ್ಟಿಯನ್ನು ಓದಿ ಆಟವನ್ನು ಕಲ್ಪಿಸಿಕೊಳ್ಳಬಹುದಾಯಿತು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದಾಗ ಇಂತಹ ಪಟ್ಟಿಯ ಅಗತ್ಯವೇ ಇರಲಿಲ್ಲ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ತರಬೇತಿ ಶಾಲೆಯೊಂದರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು, ತಲಾ ಒಂಬತ್ತು ಹುಡುಗರ ಎರಡು ತಂಡಗಳನ್ನು ಆಡಿಸಿದ. ಆ ಮೊದಲ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಸಲ. ಒಂದಕ್ಕೆ ಸೊನ್ನೆ! ಇಷ್ಟನ್ನು ನೆನಪಿಡಲು ಪಟ್ಟಿಯೇಕೆ? ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಆಟದಲ್ಲಿ ಒಬ್ಬನೇ ಆಟಗಾರ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದ. ಈ ಪಂದ್ಯದ ಪಟ್ಟಿಯನ್ನು ನಾನು ಬಿಡುವಾದಾಗಲೆಲ್ಲ ತೆಗೆದು ಓದಿದ್ದೇನೆ. ಹಳಗನ್ನಡದ ಕ್ಲಿಷ್ಟ ಪದ್ಯವೊಂದನ್ನು ಓದುವಷ್ಟೇ ತಾಳ್ಮೆಯಿಂದ ಓದಿದ್ದೇನೆ ಎಂದರೆ ನಗಬೇಡಿ.

1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಎಂಬ ಸಣ್ಣ ಊರಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್ ಎಂಬ ವೃತ್ತಿಪರ ತಂಡಗಳು ಎದುರಾದವು. ಪ್ರೇಕ್ಷಕರು 4,124 ಮಂದಿ. ದೂರದರ್ಶನದ ಚಿತ್ರೀಕರಣವಿರಲಿಲ್ಲ. ವಾರಿಯರ್ಸ್ 169, ನಿಕ್ಸ್ 147. ವಾರಿಯರ್ಸ್‌ನ ವಿಲ್ಟ್ ಚೇಂಬರ್ಲಿನ್ 63 ಸಲ ಬುಟ್ಟಿಗೆ ಎಸೆದು 36 ಸಲ ಸಫಲನಾದ. ಎದುರಾಳಿಯ ತಪ್ಪಿಗಾಗಿ ದೊರೆತ 32 ಫ್ರೀ ಥ್ರೋಗಳಲ್ಲಿ 28ನ್ನು ಹಾಕಿದ. ಮೊದಲನೆಯದಕ್ಕೆ ಎರಡೆರಡು ಅಂಕ, ಎರಡನೆಯದಕ್ಕೆ ಒಂದೊಂದು. ಎಪ್ಪತ್ತೆರಡಕ್ಕೆ ಇಪ್ಪತ್ತೆಂಟು ಕೂಡಿದರೆ ಸರಿಯಾಗಿ ನೂರು. ಪಂದ್ಯದ ಲೆಕ್ಕ ಬರೆಯುತ್ತಿದ್ದ ಹಾರ್ವೆ ಪೊಲ್ಲಾಕ್ ಎಂಬಾತ ಒಂದು ಹಾಳೆಯ ಮೇಲೆ ‘100’ ಎಂದು ಬರೆದುಕೊಟ್ಟ. ಆ ಹಾಳೆಯನ್ನು ಹಿಡಿದು ಚೇಂಬರ್ಲಿನ್ ಕುಳಿತಿರುವ ಛಾಯಾಚಿತ್ರ ಜಗತ್ಪ್ರಸಿದ್ಧವಾಯಿತು. ಇನ್ನೊಂದು ಸಾಕ್ಷ್ಯ ಬಾನುಲಿಯದು. ಪಂದ್ಯದ ಕೊನೆಯ ಕಾಲುಭಾಗದ ವೀಕ್ಷಕ ವಿವರಣೆ ಆ ರಾತ್ರಿ ಮರುಪ್ರಸಾರವಾದಾಗ ವಿದ್ಯಾರ್ಥಿಯೊಬ್ಬ ಅದನ್ನು ಧ್ವನಿಮುದ್ರಿಸಿಕೊಂಡಿದ್ದನಾಗಿ ಅಷ್ಟು ಭಾಗದ ಧ್ವನಿಯಾದರೂ ನಮಗೆ ಉಳಿದಿದೆ. ಉಳಿದ ಮುಕ್ಕಾಲು ಪಾಲು ಆಟಕ್ಕೆ ಮುಖ್ಯ ಆಧಾರ ಅಂಕಪಟ್ಟಿಯೇ.

ಈಗ ಆ ಪಟ್ಟಿಯ ಇತರ ಸಾಲುಗಳತ್ತ ಕಣ್ಣು ಹಾಯಿಸೋಣ. ಗೈ ರಾಡ್ಜರ್ಸ್ ಎಂಬ ಆಟಗಾರನ ಮುಂದೆ 20 ಅಸಿಸ್ಟ್‌ಗಳಿವೆ. ಎಂದರೆ ಬುಟ್ಟಿಗೆ ಹಾಕುವವನ ಕೈಗೆ ತಕ್ಕ ಸಮಯದಲ್ಲಿ ಚೆಂಡನ್ನು ಮುಟ್ಟಿಸಿದ ಲೆಕ್ಕ. ಆಲ್ ಆಟ್ಲ್ಸ್ ಎಂಬ ಇನ್ನೊಬ್ಬ ಎಂಟು ಸಲ ಎಸೆದು ಎಂಟನ್ನೂ ಹಾಕಿದ, ಒಂದು ಫ್ರೀ ಥ್ರೋವನ್ನೂ ತಪ್ಪಿಸಲಿಲ್ಲ; ಹದಿನೇಳು ಅಂಕ, ಒಂದು ಎಸೆತವೂ ವ್ಯರ್ಥವಿಲ್ಲ. ಬೇರಾವ ದಿನ ಆಡಿದ್ದರೂ ಅವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತಿತ್ತೇನೋ. ಪಟ್ಟಿಯಲ್ಲಿ ಇಲ್ಲದ ಸಂಗತಿಯೂ ಉಂಟು. ಕೊನೆಯ ನಿಮಿಷಗಳಲ್ಲಿ ನಿಕ್ಸ್ ಆಟಗಾರರು ಚೇಂಬರ್ಲಿನ್‌ಗೆ ಚೆಂಡು ಸಿಗದಿರಲೆಂದು ಅವನ ಜೊತೆಗಾರರ ಮೇಲೆ ಬೇಕೆಂದೇ ತಪ್ಪೆಸಗತೊಡಗಿದರು. ವಾರಿಯರ್ಸ್ ಆಟಗಾರರು ಚೆಂಡನ್ನು ಬೇಗ ಮರಳಿ ಪಡೆಯಲೆಂದು ನಿಕ್ಸ್‌ನವರ ಮೇಲೆ ತಪ್ಪೆಸಗಿದರು. ಗೆಲುವು ಸೋಲುಗಳ ಪಂದ್ಯ ಅಲ್ಲಿಗೆ ಮುಗಿದು, ನೂರೆಂಬ ಸಂಖ್ಯೆಯ ಪಂದ್ಯ ಆರಂಭವಾಗಿತ್ತು. ಪಟ್ಟಿಗಾಗಿ ಆಟ ಬಾಗಿದ ಸ್ಪಷ್ಟ ನಿದರ್ಶನವೆಂದು ನಾನು ಇದನ್ನು ಎಣಿಸುತ್ತೇನೆ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಬುಟ್ಟಿಯತ್ತ ಹೊರಟ ಚೆಂಡನ್ನು ಗಾಳಿಯಲ್ಲೇ ಬಡಿದು ತಡೆಯುವ ಕೌಶಲದಲ್ಲಿ ಚೇಂಬರ್ಲಿನ್ ಮತ್ತು ಅವನ ಪ್ರತಿಸ್ಪರ್ಧಿ ಬಿಲ್ ರಸೆಲ್ ಇಬ್ಬರೂ ಅದ್ವಿತೀಯರೆಂದು ಅವರ ಆಟ ಕಂಡವರೆಲ್ಲ ಹೇಳಿದ್ದಾರೆ. ಆದರೆ ಎಷ್ಟು ತಡೆದರು ಎಂದು ಕೇಳಿದರೆ ಉತ್ತರವಿಲ್ಲ. ಅಮೆರಿಕದ ವೃತ್ತಿಪರ ಲೀಗಿನಲ್ಲಿ ತಡೆಗಳನ್ನೂ ಎದುರಾಳಿಯಿಂದ ಚೆಂಡು ಕಸಿದುದನ್ನೂ ಅಧಿಕೃತವಾಗಿ ಎಣಿಸತೊಡಗಿದ್ದು 1973-74ರ ಋತುವಿನಿಂದ. ರಸೆಲ್ 1969ರಲ್ಲೇ ಆಟದಿಂದ ನಿವೃತ್ತನಾಗಿದ್ದ. ಚೇಂಬರ್ಲಿನ್ ಆ ಲೀಗಿನಲ್ಲಿ ಕೊನೆಯದಾಗಿ ಆಡಿದ್ದು 1972-73ರಲ್ಲಿ. ಒಂದೇ ಒಂದು ಋತುವಿನ ಅಂತರ! ಹಾಕಿದ್ದಕ್ಕೆ ಮೊದಲ ದಿನದಿಂದ ಲೆಕ್ಕವಿತ್ತು, ತಡೆದದ್ದಕ್ಕೆ ದಶಕಗಳ ಕಾಲ ಅಂಕಣವೇ ಇರಲಿಲ್ಲ.

ಲೆಕ್ಕವೇ ಆಟವನ್ನು ಬದಲಾಯಿಸಿದ ಪ್ರಸಂಗವನ್ನೂ ಹೇಳಬೇಕು. ನಮ್ಮ ಕಬಡ್ಡಿಗೆ ಬರಲು ಅದೇ ಸೇತುವೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19-18ರಿಂದ ಸೋಲಿಸಿತು. ಪೂರ್ತಿ ಪಂದ್ಯದಲ್ಲಿ ಎರಡೂ ತಂಡಗಳು ಕೂಡಿ 37 ಅಂಕ! ಎದುರಾಳಿ ಬಲಿಷ್ಠನೆಂದು ತಿಳಿದವರು ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ಕಾಲ ಕಳೆದಿದ್ದರು, ನೋಡುವವರು ಬೇಸತ್ತಿದ್ದರು. ಸಿರಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಾಸೋನ್ ಹಳೆಯ ಪಟ್ಟಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ. ನೋಡಲು ಚೆನ್ನಾಗಿದ್ದ ಪಂದ್ಯಗಳಲ್ಲಿ ಎರಡು ತಂಡಗಳೂ ಸೇರಿ ಸುಮಾರು 120 ಎಸೆತ, ಪಂದ್ಯದ ಅವಧಿ 48 ನಿಮಿಷ, ಎಂದರೆ 2,880 ಸೆಕೆಂಡು, ಭಾಗಿಸಿದರೆ 24. ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಎಸೆಯದ ತಂಡ ಚೆಂಡನ್ನು ಕಳೆದುಕೊಳ್ಳತಕ್ಕದ್ದೆಂಬ ನಿಯಮ 1954ರಲ್ಲಿ ಬಂದಿತು. ತಂಡವೊಂದರ ಸರಾಸರಿ ಅಂಕ ಒಂದೇ ಋತುವಿನಲ್ಲಿ 79.5ರಿಂದ 93.1ಕ್ಕೆ ಏರಿತು. ಭಾಗಾಕಾರವೊಂದು ಆಟದ ಪ್ರಾಣ ಉಳಿಸಿದ್ದನ್ನು ಗಣಿತದ ಮೇಷ್ಟ್ರುಗಳು ತರಗತಿಯಲ್ಲಿ ಹೇಳಬೇಕು.

ಬ್ಯಾಸ್ಕೆಟ್‌ಬಾಲ್ ನಮ್ಮ ನಾಡಿಗೂ ಬಂದಿದೆ. ನಗರಗಳ ಶಾಲಾಕಾಲೇಜುಗಳ ಅಂಗಳದಲ್ಲಿ ಬೇರೂರಿದೆ. ಮಲೆನಾಡಿನ ಇಳಿಜಾರು ನೆಲದಲ್ಲಿ ಸಿಮೆಂಟಿನ ಸಮತಟ್ಟು ಅಂಗಣ, ಎರಡು ಕಂಬ, ಪುಟಿಯುವ ಚೆಂಡು ಇವೆಲ್ಲ ದುಬಾರಿ. ನಮ್ಮಲ್ಲಿ ಕೊಯ್ಲಾದ ಗದ್ದೆ ಇತ್ತು, ಉಸಿರು ಇತ್ತು. ಕಬಡ್ಡಿಯ ನಿಯಮಗಳು ಮಹಾರಾಷ್ಟ್ರದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗ್ರಂಥಸ್ಥವಾದವು. ಅಮರಾವತಿಯ ವ್ಯಾಯಾಮ ಮಂಡಳಿಯವರು 1936ರಲ್ಲಿ ಬರ್ಲಿನ್‌ನಲ್ಲಿ ಇದನ್ನು ಪ್ರದರ್ಶಿಸಿದರು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕದ ಮನ್ನಣೆ ದೊರೆಯಿತು. 2014ರಲ್ಲಿ ವೃತ್ತಿಪರವಾದ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಅಮೆರಿಕದ ಆ ಗಡಿಯಾರದ ಪಾಠ ಇಲ್ಲಿಯೂ ನೆನಪಾದಂತಿದೆ. ದಾಳಿಗೆ ಮೂವತ್ತೇ ಸೆಕೆಂಡು. ಒಂದು ತಂಡದ ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ದಾಳಿಗಾರ ಹೊರಗೆ. ‘ಮಾಡು ಇಲ್ಲವೆ ಮಡಿ’ ಎಂದು ವೀಕ್ಷಕ ವಿವರಣೆಗಾರರು ಕೂಗುವುದು ಇದನ್ನೇ. ನಮ್ಮ ಬಾಲ್ಯದಲ್ಲಿ ಉಸಿರೇ ಗಡಿಯಾರವಾಗಿತ್ತು. ಈಗಲೂ ‘ಕಬಡ್ಡಿ ಕಬಡ್ಡಿ’ ಎನ್ನಬೇಕು, ಆದರೆ ಕಾಲವನ್ನು ಅಳೆಯುವುದು ಯಂತ್ರ. ಇದನ್ನು ಕುರಿತು ನನಗೆ ಸಣ್ಣದೊಂದು ಅಸಮಾಧಾನವಿದೆ, ಇರಲಿ.

ಲೀಗಿನೊಂದಿಗೆ ಪಟ್ಟಿಯೂ ಬಂದಿತು. ರೈಡ್ ಅಂಕ, ಬೋನಸ್ ಅಂಕ, ಟ್ಯಾಕಲ್ ಅಂಕ ಎಂದು ಬೇರೆ ಬೇರೆ ಅಂಕಣಗಳು. ಒಂದೇ ದಾಳಿಯಲ್ಲಿ ಮೂರು ಅಥವಾ ಹೆಚ್ಚು ಅಂಕ ತಂದರೆ ‘ಸೂಪರ್ ರೈಡ್’, ಒಂದು ಪಂದ್ಯದಲ್ಲಿ ಹತ್ತು ರೈಡ್ ಅಂಕವಾದರೆ ‘ಸೂಪರ್ ಟೆನ್’, ಐದು ಹಿಡಿತದ ಅಂಕವಾದರೆ ‘ಹೈ ಫೈವ್’. ಬೆಂಗಳೂರು ಬುಲ್ಸ್ ತಂಡ 2015ರ ಅಂತಿಮ ಪಂದ್ಯದಲ್ಲಿ ಯು ಮುಂಬಾ ತಂಡಕ್ಕೆ 30-36ರಿಂದ ಸೋತಿತ್ತು. 2019ರ ಜನವರಿ 5ರಂದು ಮುಂಬಯಿಯಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯ, ಎದುರಿಗೆ ಗುಜರಾತ್. ವಿರಾಮದ ಹೊತ್ತಿಗೆ 9-16ರಿಂದ ಹಿಂದಿದ್ದ ಬುಲ್ಸ್ 38-33ರಿಂದ ಗೆದ್ದು ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಪವನ್ ಸೆಹ್ರಾವತ್ ಒಬ್ಬನದೇ 22 ಅಂಕ. ಅದೇ ವರ್ಷದ ಅಕ್ಟೋಬರ್ 2ರಂದು ಪಂಚಕುಲಾದಲ್ಲಿ ಆತ ಹರಿಯಾಣ ಸ್ಟೀಲರ್ಸ್ ವಿರುದ್ಧ 39 ರೈಡ್ ಅಂಕ ಗಳಿಸಿದ; ಬುಲ್ಸ್ 59, ಹರಿಯಾಣ 36. ತತ್ಪೂರ್ವದ ದಾಖಲೆ ಪಟ್ನಾ ತಂಡದ ಪ್ರದೀಪ್ ನರ್ವಾಲನ 34. ಅದೂ 2017ರಲ್ಲಿ ಇದೇ ಹರಿಯಾಣದ ವಿರುದ್ಧವೇ. ಎರಡು ಸಲವೂ ದಾಖಲೆಗೆ ಬೆನ್ನು ಕೊಟ್ಟ ಆ ರಕ್ಷಣಾಪಂಕ್ತಿಯ ಹುಡುಗರನ್ನು ನೆನೆದಾಗ ನನಗೆ ಕನಿಕರವೆನಿಸುತ್ತದೆ.

ಹರ್ಷಿಯಲ್ಲಿ ಚೇಂಬರ್ಲಿನ್‌ನ ಪಾಲು ತಂಡದ ಮೊತ್ತದಲ್ಲಿ ನೂರಕ್ಕೆ 59. ಪಂಚಕುಲಾದಲ್ಲಿ ಪವನನ ಪಾಲು ನೂರಕ್ಕೆ 66. ಹಾಗಾದರೆ ಕಬಡ್ಡಿಯೇ ಹೆಚ್ಚು ಒಬ್ಬಂಟಿಯ ಆಟವೇ? ಹಾಗೆಂದು ತೀರ್ಮಾನಿಸುವ ಮುನ್ನ ಎರಡು ಪಟ್ಟಿಗಳ ಕಟ್ಟಡವನ್ನೇ ಪರಿಶೀಲಿಸಬೇಕು. ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರರ ಅಂಕಗಳನ್ನೆಲ್ಲ ಕೂಡಿದರೆ ತಂಡದ ಮೊತ್ತ ತಪ್ಪದೆ ಬರುತ್ತದೆ. 169ರಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ಒಡೆಯನಿದ್ದಾನೆ. ಕಬಡ್ಡಿಯಲ್ಲಿ ಹಾಗಲ್ಲ. ಎದುರು ತಂಡದ ಕೊನೆಯ ಆಟಗಾರನೂ ಹೊರಹೋದಾಗ ಎರಡು ಅಂಕ ಹೆಚ್ಚಿಗೆ ಸಿಗುತ್ತದೆ. ಇಂದಿನವರು ಅದನ್ನು ‘ಆಲ್‌ಔಟ್’ ಎನ್ನುತ್ತಾರೆ. ನಮ್ಮ ಕಾಲದ ತೀರ್ಪುಗಾರರು ‘ಲೋನಾ’ ಎನ್ನುತ್ತಿದ್ದರು. ಈ ಎರಡು ಅಂಕ ಯಾವ ಆಟಗಾರನ ಸಾಲಿಗೂ ಹೋಗುವುದಿಲ್ಲ, ತಂಡದ ಸಾಲಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಕಬಡ್ಡಿಯಲ್ಲಿ ಆಟಗಾರರ ಅಂಕಗಳನ್ನು ಕೂಡಿದರೆ ತಂಡದ ಮೊತ್ತಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಊರಿನ ಜಮೀನಿನ ಖಾತೆಗಳನ್ನೆಲ್ಲ ಕೂಡಿಸಿದರೂ ಗೋಮಾಳ ಹೊರಗುಳಿಯುವಂತೆ. ಏಳು ಮಂದಿ ಒಬ್ಬೊಬ್ಬರಾಗಿ ಖಾಲಿಯಾಗುವುದು ಒಂದು ದಾಳಿಯ ಫಲವಲ್ಲ, ಹಲವು ನಿಮಿಷಗಳ ಹಲವರ ದುಡಿಮೆ ಎಂಬುದನ್ನು ಹಳೆಯ ನಿಯಮಕರ್ತರು ಕಂಡುಕೊಂಡಿದ್ದರು.

ಆದರೆ ಹಿಡಿತದ ವಿಷಯದಲ್ಲಿ ಆ ಔದಾರ್ಯವಿಲ್ಲ. ಮೂಲೆಯವನು ಹಿಮ್ಮಡಿಗೆ ಕೈ ಹಾಕುತ್ತಾನೆ; ಪಕ್ಕದ ಇಬ್ಬರು ಕೈಕೈ ಬೆಸೆದು ದಾರಿ ಕಟ್ಟುತ್ತಾರೆ; ಇನ್ನೊಬ್ಬ ಸೊಂಟಕ್ಕೆ ಬೀಳುತ್ತಾನೆ. ಅಂಕ ಒಬ್ಬನ ಹೆಸರಿಗೆ. ಕೈ ಬೆಸೆದು ನಿಂತು ದಾಳಿಗಾರನನ್ನು ಮೂಲೆಯತ್ತ ತಳ್ಳಿದವನು ಪಂದ್ಯ ಮುಗಿದಾಗ ತನ್ನ ಹೆಸರಿನ ಮುಂದೆ ಸೊನ್ನೆಯನ್ನು ಕಾಣಬಹುದು. ಹಳ್ಳಿಯ ಪಂದ್ಯದಲ್ಲಿ ಇದರಿಂದ ಕಳೆದುಹೋಗುವುದು ಒಂದು ಸ್ಟೀಲಿನ ಲೋಟವೋ ಫಲಕವೋ ಅಷ್ಟೆ. ವೃತ್ತಿಪರ ಆಟದಲ್ಲಿ ಹರಾಜಿನ ಮೇಜಿನ ಮೇಲೆ ಇರುವುದು ಇದೇ ಪಟ್ಟಿ. ಪವನನನ್ನು 2022ರಲ್ಲಿ ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷ ರೂಪಾಯಿಗೆ ಕೊಂಡಿತು. ಆ ಋತುವಿನ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆತ ಉಳಿದ ಋತುವಿಡೀ ಹೊರಗುಳಿದ. ಹಿಂದಿನ ಲೆಕ್ಕಕ್ಕೆ ಕೊಟ್ಟ ಬೆಲೆ ಅದು. ಮುಂದಿನ ಮೊಣಕಾಲು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಆತನೇನೋ ಮರುವರ್ಷ ಇನ್ನೂ ಹೆಚ್ಚಿನ ಬೆಲೆಗೆ ತೆಲುಗು ಟೈಟನ್ಸ್ ಸೇರಿದ. ಪಟ್ಟಿಯಲ್ಲಿ ಸೊನ್ನೆ ಇರುವವನಿಗೆ ಅಂತಹ ಎರಡನೆಯ ಅವಕಾಶ ಸುಲಭವಲ್ಲ.

ಈ ಮಾತು ಹೇಳುವಾಗ ನನಗೆ ನಮ್ಮ ವೀರಗಲ್ಲುಗಳು ನೆನಪಾಗುತ್ತವೆ. ಕನ್ನಡ ಮೇಷ್ಟ್ರ ಚಾಳಿ, ಕ್ಷಮಿಸಬೇಕು. ನಮ್ಮ ತಾಲ್ಲೂಕಿನ ಶಾಸನಗಳನ್ನು, ಅಂದಿನ ನಗರ ತಾಲ್ಲೂಕೆಂಬ ಹೆಸರಿನಲ್ಲಿ, ಬಿ. ಎಲ್. ರೈಸ್ ಅವರು ಸೊರಬ, ಸಾಗರ, ತೀರ್ಥಹಳ್ಳಿಗಳ ಶಾಸನಗಳೊಂದಿಗೆ 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಕ್ಷರವಿರುವ ಕಲ್ಲುಗಳಿಗೆ ಆ ಸಂಪುಟದಲ್ಲಿ ಸಂಖ್ಯೆಯೂ ಪಾಠವೂ ಉಂಟು. ಅಕ್ಷರವಿಲ್ಲದ ವೀರಗಲ್ಲುಗಳು ಕಾಡಂಚಿನಲ್ಲಿ, ತೋಟದ ಬೇಲಿಯ ಬದಿಯಲ್ಲಿ ಈಗಲೂ ನಿಂತಿವೆ. ಕೆಳಗಿನ ಹಲಗೆಯಲ್ಲಿ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ಎಲ್ಲವೂ ಇದೆ; ಹೆಸರಿಲ್ಲ. ಇನ್ನು ಹೆಸರಿರುವ ಕಲ್ಲಿನಲ್ಲಿಯೂ ಬಿದ್ದ ಒಬ್ಬನ ಹೆಸರಿದ್ದರೆ ಅವನ ಪಕ್ಕದಲ್ಲಿ ನಿಂತು ಕಾದಿ, ತುರುಗಳನ್ನು ಹೊಡೆದುಕೊಂಡು ಮನೆಗೆ ಬಂದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ಪಟ್ಟಿಯನ್ನು ತೋರಿಸಿ ನನ್ನ ಸೀಸದಕಡ್ಡಿಯ ಕತೆಗೆ ಹಿಂದಿರುಗುತ್ತೇನೆ. 2016ರಲ್ಲಿ ಪ್ರೊ ಕಬಡ್ಡಿಯ ನಾಲ್ಕನೆಯ ಋತುವಿನ ಜೊತೆಯಲ್ಲಿ ಮಹಿಳೆಯರಿಗಾಗಿ ಮೂರು ತಂಡಗಳ ಒಂದು ಸ್ಪರ್ಧೆ ನಡೆಯಿತು. ಜುಲೈ 31ರಂದು ಹೈದರಾಬಾದಿನಲ್ಲಿ ಅದರ ಅಂತಿಮ ಪಂದ್ಯ. ಒಂದು ತಂಡದ ನಾಯಕಿ ತೇಜಸ್ವಿನಿ ಬಾಯಿ, ಇನ್ನೊಂದರ ನಾಯಕಿ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ. ಇಬ್ಬರೂ ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು, ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದ ತಂಡದಲ್ಲಿ ಜೊತೆಯಾಗಿ ಆಡಿದವರು. ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ ತಂಡ ಮಮತಾ ಅವರ ಫೈರ್ ಬರ್ಡ್ಸ್ ತಂಡವನ್ನು 24-23ರಿಂದ ಗೆದ್ದಿತು. ಒಂದೇ ಅಂಕ! ಪುರುಷರ ಲೀಗ್ ಮುಂದಿನ ವರ್ಷ ಎಂಟು ತಂಡಗಳಿಂದ ಹನ್ನೆರಡು ತಂಡಗಳಿಗೆ ಬೆಳೆಯಿತು. ಮಹಿಳೆಯರ ಆ ಸ್ಪರ್ಧೆ ಮತ್ತೆ ನಡೆಯಲಿಲ್ಲ. ಪವನನ 39ನ್ನು ಹೋಲಿಸಲು ಪ್ರದೀಪನ 34 ಇದೆ, ನಾಳೆ ಬರುವವನಿಗೆ ಈ 39 ಇದೆ. ಮಮತಾ ಅವರ ಆ ಋತುವಿನ ಅಂಕಗಳ ಪಕ್ಕದಲ್ಲಿಟ್ಟು ನೋಡಲು ಮುಂದಿನ ಋತುವಿನ ಹಾಳೆಯೇ ಇಲ್ಲ.

ನನ್ನ ಹಳೆಯ ತಪ್ಪಿನ ಮಾತು. ಪಂದ್ಯಾವಳಿ ಕಳೆದು ಇಪ್ಪತ್ತು ವರ್ಷಗಳ ಮೇಲೆ, ಅಡಿಕೆ ಮಂಡಿಯೊಂದರ ಜಗಲಿಯಲ್ಲಿ ಕುಳಿತಿದ್ದಾಗ, ಮೂಟೆ ಇಳಿಸುತ್ತಿದ್ದ ನಡುವಯಸ್ಸಿನವರೊಬ್ಬರು ಹತ್ತಿರ ಬಂದು ಗುರುತು ಹೇಳಿಕೊಂಡರು. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, ನಗುತ್ತಲೇ, “ಆವತ್ತು ಕಾಲು ಹಿಡ್ದಿದ್ದು ನಾನು ಮೇಷ್ಟ್ರೇ” ಎಂದರು. ನನಗೆ ಕೂಡಲೇ ಅರ್ಥವಾಯಿತು. ಮೇಲೆದ್ದು ಕೈ ಎತ್ತಿದವನು ಇವರ ಸ್ವಂತ ತಮ್ಮನಂತೆ. ಬಹುಮಾನದ ಲೋಟ ಮನೆಗೇ ಬಂದುದರಿಂದ ಜಗಳವಾಗಲಿಲ್ಲವಂತೆ. ಪುಸ್ತಕದಲ್ಲಿ ತಿದ್ದೋಣವೆಂದು ನಾನು ಆ ಊರಿನ ಸಂಘಟಕರ ಮನೆಗೆ ಹೋಗಿ ವಿಚಾರಿಸಿದೆ. ಹಳೆಯ ಕಾಗದಪತ್ರಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಕೊಟ್ಟರು. ಜಮಾಖರ್ಚಿನ ಪುಸ್ತಕ ಸಿಕ್ಕಿತು. ಸುಣ್ಣಕ್ಕೆಷ್ಟು, ದೀಪದ ಬಾಡಿಗೆಗೆಷ್ಟು, ಅವಲಕ್ಕಿ ಕಾಫಿಗೆಷ್ಟು ಎಂದು ಪೈಸೆಯವರೆಗೆ ಬರೆದಿತ್ತು. ಅಂಕದ ಪುಸ್ತಕವನ್ನು ಗೆದ್ದಲು ತಿಂದಿತ್ತು. ರಟ್ಟು ಮಾತ್ರ ಉಳಿದಿತ್ತು. ಅದರ ಮೇಲೆ ನನ್ನ ದುಂಡು ಅಕ್ಷರದಲ್ಲಿ ಪಂದ್ಯಾವಳಿಯ ಹೆಸರಿತ್ತು.